ಹೆಸರಳಿದ ಪಂಪು

ಆ ಮನೆಯಲ್ಲಿ ಟ್ರ್ಯಾಕ್ಟರನ್ನು ಯಾರೂ ಟ್ರ್ಯಾಕ್ಟರ್ ಎಂದು ಕರೆಯುತ್ತಿರಲಿಲ್ಲ. ಮುದುಕ ಎನ್ನುತ್ತಿದ್ದರು. ಮುದುಕ ಎದ್ದನೇ, ಮುದುಕನಿಗೆ ಎಣ್ಣೆ ಕುಡಿಸಿದಿರಾ, ಮುದುಕ ಇವತ್ತು ಕೆಮ್ಮುತ್ತಿದ್ದಾನೆ ಎಂದೆಲ್ಲ ಮಾತಾಡುವುದನ್ನು ಹೊಸಬರು ಯಾರಾದರೂ ಕೇಳಿದರೆ, ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರು ಇದ್ದಾರೆಂದೇ ತಿಳಿಯಬೇಕು. ಅವನಿದ್ದದ್ದು ಸಸಿಗಳ ಅಂಗಳದ ಮೂಲೆಯ ಶೆಡ್ಡಿನಲ್ಲಿ. ಎದೆಮಟ್ಟದ ಎತ್ತರ, ಒಂಟಿ ಮಂಚದಷ್ಟು ಅಗಲ, ಬಣ್ಣ ಯಾವುದಿತ್ತೆಂದು ಹೇಳಲಾಗದಷ್ಟು ಬಿಸಿಲು ತಿಂದ ಮೈ. ಮುಂದೆ ಎಂಜಿನ್, ಹಿಂದೆ ಸೀಟು, ಸೀಟಿನ ಬೆನ್ನಿಗೆ ಕುಂಡಗಳನ್ನೂ ಮಣ್ಣನ್ನೂ ಹೊತ್ತು ಮೇಲೇಳುವ ಕಬ್ಬಿಣದ ತಟ್ಟೆ. ತಟ್ಟೆಯನ್ನು ಎತ್ತುವುದು ಎಣ್ಣೆಯ ಒತ್ತಡ. ಆ ಒತ್ತಡ ಹುಟ್ಟುವುದು ಎಂಜಿನ್ನಿನ ಪಕ್ಕದಲ್ಲಿ ಬೋಲ್ಟು ಬಿಗಿದು ಕೂರಿಸಿದ, ಎರಡು ಮುಷ್ಟಿ ಗಾತ್ರದ ಹೈಡ್ರಾಲಿಕ್ ಪಂಪಿನಲ್ಲಿ. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸಬೇಕು, ಪಂಪು ಎಣ್ಣೆಯನ್ನು ನೂಕಬೇಕು, ತಟ್ಟೆ ಏಳಬೇಕು.

ಆ ಪಂಪು ಕೈಕೊಟ್ಟಿತ್ತು. ಎಂಜಿನ್ ಓಡುತ್ತಿತ್ತು, ಬೆಲ್ಟು ಸುತ್ತುತ್ತಿತ್ತು, ತಟ್ಟೆ ಮಾತ್ರ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ.

ಅಂದಿನಿಂದ ಕುಂಡ ಎತ್ತುವ ಕೆಲಸ ಮನೆಯ ಸೊಸೆಯ ಮೈದುನನ ಬೆನ್ನಿಗೆ ಬಿತ್ತು. ಅವನು ಮೈಗಳ್ಳನಲ್ಲ. ಮುದುಕನನ್ನು ಓಡಿಸುವವನು ಅವನೇ, ಮುದುಕ ಕೆಲಸ ಬಿಟ್ಟಾಗ ಮುದುಕನ ಪಾಲಿನ ಕೆಲಸ ಮಾಡಿದವನೂ ಅವನೇ. ಆದರೆ ಬೆನ್ನು ಎಂಬುದು ಕಬ್ಬಿಣವಲ್ಲ. ಒಂದು ಗುರುವಾರ ಬೆಳಗ್ಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ, “ಅತ್ತಿಗೆ, ಒಂದು ಹೊಸ ಗಾಡಿ ನೋಡಿದೀನಿ,” ಎಂದ.

“ನೋಡು. ನೋಡೋಕೇನು.”

“ಒಳ್ಳೇ ಗಾಡಿ. ಎಷ್ಟು ಭಾರ ಆದ್ರೂ ಎತ್ತುತ್ತೆ. ತಲೆ ಮೇಲೆ ನೆರಳಿಗೆ ಕೊಡೆ ಬೇರೆ ಇದೆ.”

“ಅಗಲ ಎಷ್ಟು?”

ಮೈದುನ ಸೊಂಟ ನೀವಿಕೊಂಡ. ಅತ್ತಿಗೆಗೆ ಅಷ್ಟೇ ಸಾಕಾಯಿತು. ಒಲೆ ಆರಿಸಿ ಅವನ ಕಡೆ ತಿರುಗಿದಳು.

ಸಸಿಗಳ ಅಂಗಳ ಉದ್ದವಾದದ್ದು, ಅಗಲ ಕಡಿಮೆ. ಒಂದು ಪಕ್ಕ ಮನೆಯ ಗೋಡೆ, ಇನ್ನೊಂದು ಪಕ್ಕ ನೀರಿನ ತೊಟ್ಟಿ. ನಡುವೆ, ಅಂಗಳವನ್ನು ಎರಡು ಓಣಿಗಳಾಗಿ ಸೀಳಿಕೊಂಡು, ನಿಂಬೆಮರಗಳ ಒಂದು ಸಾಲು. ಆ ಓಣಿಗಳು ಮುದುಕನಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗಿದ್ದವು. ಹೊಸ ಗಾಡಿಗೆ ಅವು ಸಾಲವು. ಗೋಡೆ ಒಡೆಯುವಂತಿಲ್ಲ, ತೊಟ್ಟಿ ಸರಿಸುವಂತಿಲ್ಲ. ಹೋಗಬಹುದಾದದ್ದು ಮರಗಳ ಸಾಲೊಂದೇ.

ಆ ಸಾಲು ಅತ್ತಿಗೆಯದು. ಸೊಸೆಯಾಗಿ ಬಂದ ವರ್ಷ ಕಾಡುನಿಂಬೆಯ ಕಾಂಡಕ್ಕೆ ಒಳ್ಳೆಯ ಜಾತಿಯ ಚಿಗುರೊಡೆಯುವ ಕಣ್ಣು ಕಸಿ ಮಾಡಿ ಕೂರಿಸಿ, ಪಟ್ಟಿ ಸುತ್ತಿ, ಮಗುವಿನ ಹಾಗೆ ನೆರಳಲ್ಲಿಟ್ಟು ಬೆಳೆಸಿದವಳು ಅವಳು. ಅವು ಹಣ್ಣಿಗೆಂದು ಇದ್ದ ಮರಗಳಲ್ಲ, ತಾಯಿಗಿಡಗಳು. ಅಂಗಳದಲ್ಲಿ ಮಾರುವ ಒಂದೊಂದು ನಿಂಬೆಸಸಿಯ ಕಣ್ಣೂ ಆ ಕೊಂಬೆಗಳಿಂದಲೇ ಬಂದದ್ದು. ಕೊಳ್ಳುವವರು “ಆ ಸಾಲಿಂದೇ ತಾನೇ?” ಎಂದು ಕೇಳಿಯೇ ಒಯ್ಯುತ್ತಿದ್ದರು. ಕಡಿದರೆ ಮತ್ತೆ ನೆಡಬಹುದು, ನಿಜ. ಆದರೆ ಯಾವ ಮರ ಹೇಗೆ ಕಾಯುತ್ತದೆ, ಯಾವುದು ರೋಗಕ್ಕೆ ಬಗ್ಗುವುದಿಲ್ಲ, ಯಾವುದರ ಕಣ್ಣು ತಪ್ಪದೆ ಹಿಡಿಯುತ್ತದೆ ಎಂದು ತಿಳಿಯುವುದಕ್ಕೆ ಅವಳ ಅರ್ಧ ಆಯುಷ್ಯ ಹಿಡಿದಿತ್ತು. ಉಳಿದರ್ಧದಲ್ಲಿ ಅದನ್ನೇ ಮತ್ತೆ ಮೊದಲಿಂದ ಮಾಡುವ ಮನಸ್ಸು ಅವಳಿಗಿರಲಿಲ್ಲ.

“ಗರಗಸದವರಿಗೆ ಹೇಳಿಬಿಟ್ಟಿದೀನಿ,” ಮೈದುನ ನೆಲ ನೋಡುತ್ತ ಹೇಳಿದ. “ಸೋಮವಾರ ಬರ್ತಾರೆ. ಏನು ಮಾಡ್ಲಿ ಅತ್ತಿಗೆ, ಬಗ್ಗಿದ್ರೆ ಏಳೋಕಾಗಲ್ಲ, ಎದ್ರೆ ಬಗ್ಗೋಕಾಗಲ್ಲ.”

“ನಿಮ್ಮಣ್ಣ ಏನಂದ್ರು?”

“ವ್ಯಾನು ಹತ್ತಿದ್ರು.”

ಇಬ್ಬರಿಗೂ ನಗು ಬಂತು. ಮನೆಯಲ್ಲಿ ಮಾತು ಬಿಸಿಯಾಗುವ ಸುಳಿವು ಸಿಕ್ಕರೆ ಸಾಕು, ಅವಳ ಗಂಡನಿಗೆ ಎಲ್ಲಿಗೋ ಸಸಿ ತಲುಪಿಸುವುದು ನೆನಪಾಗುತ್ತಿತ್ತು.

“ಪಂಪು ಹೊಸದು ಹಾಕಿದ್ರೆ?” ಅತ್ತಿಗೆ ಕೇಳಿದಳು.

“ಹಾಕಿ, ತಟ್ಟೆ ಎದ್ರೆ, ಗರಗಸದವರಿಗೆ ನಾನೇ ಬರಬೇಡಿ ಅಂತೀನಿ. ಮುದುಕನ ಮೇಲೆ ನಂಗೇನು ಹಗೇನಾ? ಆದ್ರೆ ಯಾವ ಪಂಪು ಅಂತ ಕೇಳೋದು? ಅದಕ್ಕೆ ಹೆಸರಿಲ್ಲ, ಕುಲ ಇಲ್ಲ.”

ಹೆಸರು ಇಲ್ಲದ್ದಲ್ಲ, ಅಳಿದದ್ದು. ಪಂಪಿನ ನೆತ್ತಿಯ ಮೇಲೆ ತಗಡಿನ ಚೀಟಿಯೊಂದಿತ್ತು. ಮಾಡಿದವರು ಯಾರು, ಎಷ್ಟು ಎಣ್ಣೆ ನೂಕುತ್ತದೆ ಎಂಬುದೆಲ್ಲ ಅದರ ಮೇಲೆ ಕೊರೆದಿರಬೇಕು. ಆದರೆ ಮನೆಯ ಹಿರಿಯ, ಅಂದರೆ ಅತ್ತಿಗೆಯ ಮಾವ, ಬದುಕಿರುವವರೆಗೂ ಮುದುಕನ ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಎಂಜಿನ್ ಕನ್ನಡಿಯಾಯಿತು, ಚೀಟಿಯೂ ಕನ್ನಡಿಯಾಯಿತು. ಈಗ ಅದರಲ್ಲಿ ನೋಡಿದರೆ ನೋಡಿದವರ ಮೂಗು ಕಾಣುತ್ತಿತ್ತು, ಒಂದಕ್ಷರವೂ ಕಾಣುತ್ತಿರಲಿಲ್ಲ.

“ಹೆಸರಿಲ್ಲದಿದ್ರೆ ಮೈ ಇದೆಯಲ್ಲ,” ಅತ್ತಿಗೆ ಸೆರಗು ಬಿಗಿದಳು. “ಬಿಚ್ಚು. ಅಳೆಯೋಣ.”

ಅಳೆಯುವುದು ಅವಳಿಗೆ ಹೊಸದಲ್ಲ. ಕಸಿ ಕಟ್ಟುವವಳ ಕೈ ಅದು. ಎರಡು ಕಡ್ಡಿಗಳ ದಪ್ಪ ಒಂದಕ್ಕೊಂದು ಕೂಡದಿದ್ದರೆ ಕಸಿ ಒಣಗುತ್ತದೆ ಎಂದು ತಿಳಿದ ಕೈ. ಮೈದುನ ಕೊಳವೆ ಕಳಚಿ, ಪಂಪನ್ನು ಬಿಚ್ಚಿ ತಂದು ಶೆಡ್ಡಿನ ಮೇಜಿನ ಮೇಲಿಟ್ಟ. ಅವಳು ಸೀಮೆಎಣ್ಣೆಯಲ್ಲಿ ಅದನ್ನು ತೊಳೆದಳು. ರಾಟೆ ಕೂರುವ ದಂಡದ ದಪ್ಪ ಅಳೆದಳು, ಬೋಲ್ಟಿನ ತೂತುಗಳ ನಡುವಿನ ಅಂತರ ಅಳೆದಳು. ಎಣ್ಣೆ ಒಳಗೆ ಬರುವ ದೊಡ್ಡ ಬಾಯಿ, ಹೊರಗೆ ಹೋಗುವ ಸಣ್ಣ ಬಾಯಿ, ಎರಡರ ಸುತ್ತಳತೆಯನ್ನೂ ತೆಗೆದಳು. ಆಮೇಲೆ ಹಿಂಬದಿಯ ಮುಚ್ಚಳ ಬಿಚ್ಚಿಸಿ, ಒಳಗೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂತಿದ್ದ ಎರಡು ಗೇರುಗಳ ಅಗಲ ಅಳೆದಳು. ಒಂದು ಸುತ್ತಿಗೆ ಎಷ್ಟು ಎಣ್ಣೆ ನೂಕುತ್ತದೆಂಬುದು ಆ ಅಗಲದಿಂದಲೇ ತಿಳಿಯುವುದು.

ಮೈದುನ ಅಳತೆಗಳನ್ನು ಫೋನಿನಲ್ಲಿ ವಾಷರಣ್ಣನಿಗೆ ಓದಿ ಹೇಳಿದ. ವಾಷರಣ್ಣ ಎಂದರೆ ಪೇಟೆಯಲ್ಲಿ ಹಳೆಯ ಪಂಪುಗಳ ಅಂಗಡಿಯವನು. ಏನು ಕೊಂಡರೂ ಒಂದು ವಾಷರನ್ನು ಪುಕ್ಕಟೆ ಕೊಡುವುದರಿಂದ ಆ ಹೆಸರು. ಎಲ್ಲ ಕೇಳಿಸಿಕೊಂಡು ಅವನು ಕೊನೆಗೆ, “ತಿರುಗೋದು ಯಾವ ಕಡೆ?” ಎಂದ.

“ಬಲಕ್ಕೆ. ಗಡಿಯಾರದ ಮುಳ್ಳಿನ ಹಾಗೆ,” ಎಂದ ಮೈದುನ, ಚೂರೂ ತಡವರಿಸದೆ. “ಹುಟ್ಟಿದಾಗಿಂದ ನೋಡ್ತಿದೀನಿ.”

ಶನಿವಾರ ಬೆಳಗ್ಗೆ ಹೊಸ ಪಂಪು ಬಂತು. ತೂತಿಗೆ ತೂತು, ಬಾಯಿಗೆ ಬಾಯಿ, ದಂಡಕ್ಕೆ ದಂಡ, ಎಲ್ಲ ಸರಿಹೊಂದಿತು. ಅತ್ತಿಗೆಗೆ ಒಳಗೊಳಗೇ ಹಿಗ್ಗು. ಮೈದುನ ಬೋಲ್ಟು ಬಿಗಿದು, ಎಣ್ಣೆ ತುಂಬಿ, ಸೀಟು ಹತ್ತಿ ಚಾಲೂ ಮಾಡಿದ. ಮುದುಕ ಎರಡು ಸಲ ಕೆಮ್ಮಿ ಎದ್ದ. ಮೈದುನ ತಟ್ಟೆಯ ಹಿಡಿಕೆ ಎಳೆದ. ತಟ್ಟೆ ಅಲ್ಲಾಡಲಿಲ್ಲ. ಏನಾಯಿತೆಂದು ಅವನು ಸೀಟಿನಿಂದಲೇ ಪಕ್ಕಕ್ಕೆ ಬಗ್ಗಿ ನೋಡುವಷ್ಟರಲ್ಲಿ ಪಂಪಿನ ಕುತ್ತಿಗೆಯ ರಬ್ಬರ್ ಸೀಲು ‘ಪಟ್’ ಎಂದು ಹಾರಿ, ಎಣ್ಣೆ ಕಾರಂಜಿಯಾಗಿ ಅವನ ಮುಖಕ್ಕೆ ಹೊಡೆಯಿತು.

ಎಂಜಿನ್ ನಿಲ್ಲಿಸಿ ಇಳಿದು ಬಂದವನಿಗೆ ಕಣ್ಣು ಎರಡು ಬಿಟ್ಟು ಬೇರೇನೂ ಇರಲಿಲ್ಲ.

ಜಗಲಿಯ ಮೇಲೆ ಬೀಜ ಆರಿಸುತ್ತಿದ್ದ ಅತ್ತೆ ಕೂತಲ್ಲಿಂದಲೇ, “ಯಾರಮ್ಮಾ ಅದು? ನಮ್ಮ ಮನೆಯವರೇನಾ?” ಎಂದರು.

“ನಗಬೇಡ ಅಮ್ಮ!” ಮೈದುನ ಬಟ್ಟೆಯಲ್ಲಿ ಮುಖ ಒರೆಸಿಕೊಂಡ. “ನೋಡಿ ಅತ್ತಿಗೆ. ಎಲ್ಲಾ ಅಳತೆ ಕೂಡಿತು, ಆದ್ರೂ ಉಗುಳಿಬಿಡ್ತು. ಪಂಪಿಂದಲ್ಲ ತೊಂದ್ರೆ, ಮುದುಕಂದೇ. ಅವನ ಕಾಲ ಮುಗೀತು. ಅವನಾಗೇ ಹೇಳ್ತಿದಾನೆ, ನಾವೇ ಕೇಳಿಸ್ಕೋತಿಲ್ಲ.”

ಅತ್ತಿಗೆ ಕೇಳುತ್ತ ನಿಂತಳು. ಅವಳ ಅಪ್ಪ ಪದ್ಯ ಓದುತ್ತಿದ್ದವರು. ಓದುವವರ ಉಸಿರು ಸಾಲಿನ ಕೊನೆ ಮುಟ್ಟುವ ಮುನ್ನ ಕೇಳುವವರು ಬಾಯಿ ಹಾಕಬಾರದು ಎಂಬುದು ಎದುರಿಗೆ ಕೂತು ಅವಳು ಕಲಿತ ಮೊದಲ ಪಾಠ. ಮನುಷ್ಯರ ಜೊತೆಗೂ ಹಾಗೆಯೇ ಇದ್ದಳು, ಯಂತ್ರದ ಜೊತೆಗೂ. ಮೈದುನನ ಮಾತು ಪೂರ್ತಿ ಮುಗಿಯಲು ಬಿಟ್ಟು, ನೆಲದ ಮೇಲೆ ಬಿದ್ದಿದ್ದ ಸೀಲನ್ನು ಎತ್ತಿ ಬೆರಳಲ್ಲಿ ತಿರುಗಿಸಿದಳು. ಹರಿದಿರಲಿಲ್ಲ, ಸವೆದಿರಲಿಲ್ಲ. ಒಳಗಿನಿಂದ ಯಾರೋ ಹೆಬ್ಬೆರಳಿಟ್ಟು ನೂಕಿದ ಹಾಗೆ ಹೊರಗೆ ಬಂದಿತ್ತು. ಒತ್ತಡ ಹುಟ್ಟಿದೆ, ಹುಟ್ಟಬಾರದ ಕಡೆ ಹುಟ್ಟಿದೆ. ಎಣ್ಣೆಯನ್ನು ಎಳೆದುಕೊಳ್ಳಬೇಕಾದ ಬಾಯಿ ಉಗುಳಿದೆ.

“ಇದು ಕಾಲ ಮುಗಿದ ಲಕ್ಷಣ ಅಲ್ಲ,” ಎಂದಳು. “ಹಳೇ ಪಂಪು ಎಲ್ಲಿ?”

“ಗುಜರಿ ಡಬ್ಬದಲ್ಲಿ. ಯಾಕೆ?”

“ತಗೊಂಡು ಬಾ. ಮುಖ ತೊಳ್ಕೊಂಡು ಬಾ.”

ಊಟವಾದ ಮೇಲೆ ಅವಳು ಹಳೆಯ ಪಂಪಿನ ಮುಚ್ಚಳ ಹಾಕಿ ಬಿಗಿದು, ದಂಡಕ್ಕೆ ರಾಟೆ ಸಿಕ್ಕಿಸಿ, ಮೇಜಿಗೆ ಬಿಗಿದಿದ್ದ ಕಬ್ಬಿಣದ ವೈಸಿನ ಹಿಡಿತದಲ್ಲಿ ಕಚ್ಚಿಸಿದಳು. ದಂಡ ತನ್ನ ಎದೆಗೆ ನೇರವಾಗಿ, ಎರಡೂ ಬಾಯಿ ಮೇಲ್ಮುಖವಾಗಿ. ದೊಡ್ಡ ಬಾಯಿ ಎಣ್ಣೆ ಕುಡಿಯುವುದು. ಅದರಲ್ಲಿ ಅನುಮಾನವಿಲ್ಲ, ಮುದುಕನ ಎಣ್ಣೆಡಬ್ಬಿಯಿಂದ ಬರುವ ದಪ್ಪ ಕೊಳವೆ ಅದಕ್ಕೇ ಸಿಕ್ಕುತ್ತಿತ್ತು. ಆ ಬಾಯಿಗೆ ಅಂಚಿನವರೆಗೆ ಎಣ್ಣೆ ಹೊಯ್ದಳು. ಮನಸ್ಸಿನಲ್ಲಿ ದೇವರನ್ನು ನೆನೆದು, ರಾಟೆಯನ್ನು ಕೈಯಿಂದ ಬಲಕ್ಕೆ ತಿರುಗಿಸಿದಳು.

ಎಣ್ಣೆ ಗುಳುಗುಳು ಎಂದು ಉಕ್ಕಿ, ಅಂಚು ದಾಟಿ, ಮೇಜಿನ ಮೇಲೆ ಹರಿಯಿತು.

ಒರೆಸಿ, ಮತ್ತೆ ತುಂಬಿ, ಎಡಕ್ಕೆ ತಿರುಗಿಸಿದಳು. ಎಣ್ಣೆ ಮೆಲ್ಲಗೆ ಇಳಿಯತೊಡಗಿತು. ಬಾಯಾರಿದವರು ನೀರು ಕುಡಿಯುವ ಹಾಗೆ, ಗುಟುಕು ಗುಟುಕಾಗಿ, ಪಂಪು ಅದನ್ನು ಒಳಗೆಳೆದುಕೊಂಡಿತು. ಇನ್ನಷ್ಟು ತಿರುಗಿಸಿದಾಗ ಸಣ್ಣ ಬಾಯಿಯಲ್ಲಿ ಒಂದು ಗುಳ್ಳೆ ಒಡೆದು, ಅದರ ಹಿಂದೆಯೇ ಎಣ್ಣೆ ಮೇಲೆದ್ದು ಬಂತು. ಭಾರ ಎತ್ತಲಾರದಷ್ಟು ಸವೆದ ಪಂಪಿಗೂ ಇಷ್ಟು ಜೀವ ಉಳಿದಿತ್ತು.

ಅವಳು ಮತ್ತೊಮ್ಮೆ ಮಾಡಿದಳು. ಮತ್ತೊಮ್ಮೆಯೂ ಹಾಗೆಯೇ ಆಯಿತು.

“ಏ ಬಾರೋ ಇಲ್ಲಿ,” ಎಂದು ಕೂಗಿದಳು. “ಇದು ಎಡಕ್ಕೆ ತಿರುಗೋ ಪಂಪು.”

ಮೈದುನ ಬಂದು ನೋಡಿದ. ತಾನೂ ತಿರುಗಿಸಿ ನೋಡಿದ. ಬಗ್ಗಿ ಸಣ್ಣ ಬಾಯಿಯನ್ನು ಮೂಸಿಯೂ ನೋಡಿದ. “ಅದು ಹೇಗಾಗುತ್ತೆ? ಮುದುಕ ತಿರುಗೋದು ಬಲಕ್ಕೆ. ಈ ಪಂಪು ಇಷ್ಟು ವರ್ಷ ಅವನ ಮೈಮೇಲೇ ಇತ್ತು, ತಟ್ಟೆ ಎತ್ತಿದೆ. ಉಲ್ಟಾ ತಿರುಗಿ ಎತ್ತೋಕಾಗುತ್ತಾ?”

“ಆಗಲ್ಲ.”

“ಮತ್ತೆ?”

“ಮುದುಕ ಬಲಕ್ಕೆ ತಿರುಗ್ತಾನೆ ಅಂತ ನೋಡಿದ್ಯಾರು?”

“ಯಾರು ಅಂದ್ರೆ? ನಾನು. ಅಪ್ಪ. ಎಲ್ರೂ!”

“ಎಲ್ಲಿ ನಿಂತು?”

ಮೈದುನ ಸೀಟಿನ ಕಡೆ ನೋಡಿದ. ಆ ಮನೆಯಲ್ಲಿ ಮುದುಕನನ್ನು ಯಾರೂ ನಿಂತು ನೋಡಿದವರೇ ಇಲ್ಲ, ಕೂತು ನೋಡಿದವರು. ಮುದುಕನ ಎಡ ಎಂದರೆ ಸೀಟಿನಲ್ಲಿ ಕೂತವರ ಎಡ, ಬಲ ಎಂದರೆ ಕೂತವರ ಬಲ. ಸ್ಪ್ಯಾನರ್ ಕೇಳುವಾಗಲೂ ಹಾಗೆ, ಚಕ್ರಕ್ಕೆ ಗಾಳಿ ಹಾಕುವಾಗಲೂ ಹಾಗೆ. ಎಂಜಿನ್ ಓಡುವಾಗಂತೂ ಅದರ ಮುಂಭಾಗಕ್ಕೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಓಡುವ ಮುದುಕನ ಮುಂದೆ ಯಾರೂ ನಿಲ್ಲಕೂಡದು ಎಂದು ಮಾವನ ಕಟ್ಟಪ್ಪಣೆ. ಅವರು ಹೋಗಿ ಎಷ್ಟೋ ಕಾಲವಾಗಿದ್ದರೂ ಅದನ್ನು ಒಬ್ಬರೂ ಮೀರಿರಲಿಲ್ಲ. ಬೆಲ್ಟು ಇದ್ದದ್ದು ಮುಂಭಾಗದಲ್ಲಿ. ಎಲ್ಲರೂ ಅದನ್ನು ಸೀಟಿನಿಂದ ಇಣುಕಿಯೇ ಕಂಡವರು.

“ನಾನು ಮುಂದೆ ನಿಂತು ನೋಡ್ತೀನಿ,” ಅತ್ತಿಗೆ ಎಂದಳು. “ನೀನು ಚಾಲೂ ಮಾಡು.”

“ಅತ್ತಿಗೆ! ಅಪ್ಪ ಹೇಳಿದ್ದು ಮರೆತ್ರಾ?”

“ಮರೆತಿಲ್ಲ. ಸೋಮವಾರಾನೂ ಮರೆತಿಲ್ಲ.”

ಗದ್ದಲ ಕೇಳಿ ಅತ್ತೆ ಬೀಜದ ಮೊರ ಬದಿಗಿಟ್ಟು ಶೆಡ್ಡಿಗೆ ಬಂದರು. ವಿಷಯ ತಿಳಿದು ಸೊಸೆಯ ಮುಖವನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿದರು.

“ಅಮ್ಮ, ನೀನಾದ್ರೂ ಹೇಳು. ಅಪ್ಪ ಎಷ್ಟು ಹೇಳ್ತಿದ್ರು.”

“ಹೇಳ್ತಿದ್ರು. ಯಾಕೆ ಹೇಳ್ತಿದ್ರು ಅಂತ ನಿಂಗೊತ್ತಾ?” ಅತ್ತೆ ಕಂಬಕ್ಕೆ ಒರಗಿದರು. “ಗೇರು ತೆಗೆಯೋದು ಮರೆತು ಚಾಲೂ ಮಾಡಿ, ಏನೋ ನೋಡೋಕೆ ಅಂತ ಇಳಿದು ಮುಂದೆ ಹೋದ್ರು. ಮುದುಕ ಮೆಲ್ಲಗೆ ಬಂದು ಹೊಟ್ಟೆಗೆ ತಗುಲಿಸಿ, ತಳ್ಳಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಕೂರಿಸಿದ. ಬಟ್ಟೆ ಒಗೆದವಳು ನಾನು. ಮರೆತವರು ಒಬ್ರು, ಕಾನೂನು ಮನೆಮಂದಿಗೆಲ್ಲ.”

“ಹಾಗಾದ್ರೆ ನಿಲ್ಲಲಾ ಅತ್ತೆ?”

“ನಿಲ್ಲೇ. ಆದ್ರೆ ಅವರ ಹಾಗೆ ಮರೆತು ನಿಲ್ಲಬೇಡ.”

ಅತ್ತಿಗೆ ಮರೆಯುವವಳಲ್ಲ. ಚಕ್ರಗಳಿಗೆ ಇಟ್ಟಿಗೆ ಕೊಟ್ಟಳು. ಗೇರಿನ ಹಿಡಿಕೆಯನ್ನು ತಾನೇ ಅಲ್ಲಾಡಿಸಿ, ಗೇರಿನಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತಳು. “ಈಗ ಎಂಜಿನ್ ಹತ್ತಲ್ಲ. ಸ್ಟಾರ್ಟರ್ ಮುಟ್ಟಿದ್ರೆ ಸುಮ್ನೆ ನಿಧಾನಕ್ಕೆ ಸುತ್ತುತ್ತೆ, ಅಷ್ಟೆ. ನಮಗೆ ಬೇಕಾಗಿರೋದೂ ಅಷ್ಟೆ.”

ಬೆಲ್ಟಿನ ರಾಟೆಯ ಅಂಚಿಗೆ ಸುಣ್ಣದ ಕಡ್ಡಿಯಿಂದ ದಪ್ಪನೆಯ ಗೆರೆಯೊಂದನ್ನು ಎಳೆದು, ಮುದುಕನ ಎದುರಿಗೆ ನೇರವಾಗಿ ನಿಂತಳು. ಇಷ್ಟು ವರ್ಷ ಒಂದೇ ಅಂಗಳದಲ್ಲಿ ಬಾಳಿದವರು ಮೊದಲ ಸಲ ಮುಖಾಮುಖಿಯಾದ ಹಾಗಿತ್ತು. ಮುಂದಿನ ಎರಡು ದೀಪಗಳಲ್ಲಿ ಒಂದು ಒಡೆದು ಹೋಗಿದೆ ಎಂಬುದೂ ಅವಳಿಗೆ ಅಂದೇ ಗೊತ್ತಾದದ್ದು.

“ಹೂಂ, ಮುಟ್ಟು.”

ಮೈದುನ ಸೀಟಿನಲ್ಲಿ ಕೂತು ಸ್ಟಾರ್ಟರ್ ಮುಟ್ಟಿದ. ‘ರ್‍ರ್‍’ ಎಂದು ರಾಟೆ ಸುತ್ತಿತು, ಸುಣ್ಣದ ಗೆರೆ ಹೊರಳಿತು.

“ಬಲ!” ಎಂದ ಮೈದುನ, ಪಕ್ಕಕ್ಕೆ ಇಣುಕಿ.

“ಎಡ,” ಎಂದಳು ಅತ್ತಿಗೆ.

“ಬಲ ಅತ್ತಿಗೆ! ಕಣ್ಣಾರೆ ನೋಡ್ತಿದೀನಿ!”

“ನಾನೇನು ಕಿವಿಯಾರೆ ನೋಡ್ತಿದೀನಾ? ಎಡ ಕಣೋ. ಇನ್ನೊಂದ್ಸಲ ಮುಟ್ಟು.”

ಮುಟ್ಟಿದ. “ಬಲ!” “ಎಡ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಕಂಬಕ್ಕೆ ಒರಗಿದ್ದ ಅತ್ತೆ, “ದೇವರೇ, ಗಾಡಿ ಒಂದೇ ತಾನೇ?” ಎಂದರು.

ಅತ್ತಿಗೆ ನಗುತ್ತಲೇ ಕೈಬೀಸಿದಳು. “ಇಳಿ ನೀನು. ನನ್ನ ಜಾಗಕ್ಕೆ ಬಾ. ನಾನು ಅಲ್ಲಿ ಕೂರ್ತೀನಿ.”

ಮೈದುನ ಇಳಿದು, ಅಪ್ಪ ಎಲ್ಲಿಂದಲೋ ನೋಡುತ್ತಿರಬಹುದೆಂಬ ಹಾಗೆ ಒಮ್ಮೆ ಹಿಂದೆ ತಿರುಗಿ, ಮುದುಕನ ಮುಂದೆ ಬಂದು ನಿಂತ. ಅವಳು ಸೀಟು ಹತ್ತಿದಳು. ಸೀಟಿನ ಚರ್ಮ ಮೈದುನನ ಮೈಯ ಅಳತೆಗೆ ಗುಂಡಿ ಬಿದ್ದಿತ್ತು. ಸ್ಟಾರ್ಟರ್ ಮುಟ್ಟಿ ಬದಿಗೆ ಬಗ್ಗಿದಳು. ಗೆರೆ ಅವಳ ಕಣ್ಣೆದುರೇ ಬಲಕ್ಕೆ ಹೊರಳಿತು. ಮೈದುನ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಏನು ಕಾಣ್ತು?” ಕೇಳಿದಳು.

ಮೈದುನ ಗೆರೆಯನ್ನೇ ನೋಡಿದ. ಎರಡು ಕೈಯನ್ನೂ ಮುಂದೆ ಚಾಚಿ, ಒಂದನ್ನು ನೋಡಿ, ಇನ್ನೊಂದನ್ನು ನೋಡಿದ. “ಎಡ,” ಎಂದ ಕೊನೆಗೆ. “ಅತ್ತಿಗೆ, ಇದು ಎಡಕ್ಕೇ ತಿರುಗುತ್ತೆ! ಪಂಪಿನ ದಂಡ ಇರೋದು ಈ ಕಡೆ ಮುಖ ಮಾಡಿ. ನಾನು ಅದರ ಬೆನ್ನು ನೋಡ್ಕೊಂಡು ಬಲ ಅಂದೆ. ವಾಷರಣ್ಣ ಮುಖ ನೋಡ್ಕೊಂಡು ಕೊಟ್ಟಿದಾನೆ.”

“ನಾನೂ ಅಲ್ಲೇ ಇದ್ದೆ. ನೀನು ಬಲ ಅಂದಾಗ ನಂಗೂ ಅದು ಬಲಾನೇ.”

“ಅಂದ್ರೆ ಮುದುಕನಿಗೇನೂ ಆಗಿಲ್ಲ?”

“ನೆಟ್ಟಗಿದಾನೆ. ಪಾಪ, ಉಲ್ಟಾ ಪಂಪು ಹಾಕಿದ್ರೆ ಅವನಾದ್ರೂ ಏನು ಮಾಡ್ತಾನೆ. ಉಗುಳಿದ.”

ಮೈದುನ ಬೆನ್ನುನೋವು ಮರೆತು ಪಂಪಿನ ಬೋಲ್ಟು ಬಿಚ್ಚತೊಡಗಿದ್ದ. ನಾಳೆ ಭಾನುವಾರ, ಪೇಟೆ ಬಾಗಿಲು ಹಾಕಿರುತ್ತದೆ. ಎಡಕ್ಕೆ ತಿರುಗುವ ಇನ್ನೊಂದು ಪಂಪನ್ನು ಇನ್ನೆಲ್ಲಿಂದಲೋ ತರಿಸಬೇಕೆಂದರೆ ಸೋಮವಾರ ದಾಟುತ್ತದೆ. ಇಬ್ಬರಿಗೂ ಅದು ಗೊತ್ತಿತ್ತು. ಹೊಸ ಪಂಪನ್ನು ಬಟ್ಟೆಯಲ್ಲಿ ಸುತ್ತಿ, ಹಳೆಯದನ್ನು ಚೀಲಕ್ಕೆ ಹಾಕಿ, ಸ್ಕೂಟರ್ ಹತ್ತಿ ಪೇಟೆಗೆ ಹೊರಟರು.

ವಾಷರಣ್ಣನ ಅಂಗಡಿ ಒಂದು ಕೋಣೆಯಷ್ಟೇ. ಗೋಡೆಯ ತುಂಬ ಪಂಪುಗಳು, ಗಲ್ಲಾಪೆಟ್ಟಿಗೆಯ ಪಕ್ಕ ಡಬ್ಬಿಗಟ್ಟಲೆ ವಾಷರು, ನೆಲಕ್ಕೆ ಎಣ್ಣೆ ಹೀರಲು ಹಾಕಿದ ಮರದ ಹೊಟ್ಟು. ಅವನು ಅರ್ಧ ಬಾಗಿಲು ಎಳೆದಾಗಿತ್ತು. ಅತ್ತಿಗೆ ನಡೆದದ್ದನ್ನೆಲ್ಲ ಹೇಳಿದಳು. ವಾಷರಣ್ಣ ಹಳೆಯ ಪಂಪನ್ನು ಕೈಗೆತ್ತಿಕೊಂಡು, ದಂಡವನ್ನು ಮೂಗಿಗೆ ನೇರ ಹಿಡಿದು ನೋಡಿದ.

“ಎಡವೇ,” ಎಂದ. “ನಮ್ಮ ಕಸುಬಲ್ಲಿ ಪಂಪು ನೋಡೋದು ಅಂದ್ರೆ ಹೀಗೆ. ದಂಡ ನಮ್ಮ ಕಡೆ. ಯಾರ ಸೀಟೂ ಲೆಕ್ಕಕ್ಕಿಲ್ಲ. ಎಲ್ಲಿಂದ ನೋಡಿದ್ರಿ ಅಂತ ನಾನೂ ಕೇಳಬೇಕಿತ್ತು. ಆದ್ರೆ ಅಕ್ಕಾ, ನಿಮ್ಮ ಮೈದುನ ಬಲ ಅಂದ ರಭಸಕ್ಕೆ ನಂಗೆ ಎದುರು ಕೇಳೋ ಧೈರ್ಯವೇ ಬರಲಿಲ್ಲ.”

“ಸರಿ ಸರಿ,” ಮೈದುನ ಕಿವಿ ಕೆಂಪಗೆ ಮಾಡಿಕೊಂಡ. “ಎಡದ್ದು ಇದೆಯಾ ಹೇಳು.”

“ಇಲ್ಲ.”

ಮೈದುನ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಮಾತ್ರ ಮೇಜಿನ ಮೇಲಿದ್ದ ಎರಡು ಪಂಪುಗಳನ್ನು ನೋಡುತ್ತಿದ್ದಳು. ಹಳೆಯದರ ಒಳಗನ್ನು ಅವಳು ಬಿಚ್ಚಿ ಕಟ್ಟಿದ್ದಳು. ಗೇರುಗಳು ಎರಡೂ ಒಂದೇ ಅಚ್ಚಿನವು, ಮುಚ್ಚಳದ ಬೋಲ್ಟುಗಳು ನಾಲ್ಕು ಮೂಲೆಗೂ ಸಮ.

“ಅಣ್ಣಾ, ಒಂದು ಕೇಳ್ತೀನಿ,” ಎಂದಳು. “ಇದರ ಹೊಟ್ಟೇನೇ ಅತ್ತ ಇತ್ತ ಮಾಡಿದ್ರೆ? ನಡುವಿನ ಭಾಗಾನೂ ಮುಚ್ಚಳಾನೂ ಅರ್ಧ ಸುತ್ತು ತಿರುಗಿಸಿ ಕೂರಿಸಿದ್ರೆ, ಕುಡಿಯೋ ಬಾಯಿ ಈ ಕಡೆಗೆ ಬರುತ್ತಲ್ಲ?”

ವಾಷರಣ್ಣ ಅವಳನ್ನು ನೋಡಿ ಕನ್ನಡಕ ಸರಿಮಾಡಿಕೊಂಡ. “ಎಲ್ಲಾ ಪಂಪಿಗೂ ಆಗಲ್ಲ. ಇದಕ್ಕೆ ಆಗುತ್ತೆ. ಅದನ್ನೇ ಹೇಳೋಣ ಅಂತ ಬಾಯಿ ತೆಗೆದೆ, ನೀವು ಮುಂದೆ ಓಡಿದ್ರಿ.”

ಅರ್ಧ ಎಳೆದಿದ್ದ ಬಾಗಿಲನ್ನು ಅವನು ಮತ್ತೆ ಮೇಲೆತ್ತಿದ. ಬೋಲ್ಟು ಬಿಚ್ಚಿ, ದಂಡವಿದ್ದ ಗೇರನ್ನು ಈ ಮನೆಯಿಂದ ಆ ಮನೆಗೆ ದಾಟಿಸಿ, ನಡುಭಾಗವನ್ನು ಅರ್ಧ ಸುತ್ತು ತಿರುಗಿಸಿ, ಹೊಸ ಸೀಲು ಹಾಕಿದ. ಹಿಡಿತದಲ್ಲಿ ಕಚ್ಚಿಸಿ ಎಣ್ಣೆ ಹೊಯ್ದು, “ಅಕ್ಕಾ, ನೀವೇ ತಿರುಗಿಸಿ,” ಎಂದ. ಅವಳು ಎಡಕ್ಕೆ ತಿರುಗಿಸಿದಳು. ಪಂಪು ಗುಟುಕರಿಸಿತು. ವಾಷರಣ್ಣ ಇಬ್ಬರ ಕೈಗೂ ಒಂದೊಂದು ವಾಷರು ಕೊಟ್ಟು ಕಳಿಸಿದ.

ಭಾನುವಾರ ಬೆಳಗ್ಗೆ ಅತ್ತಿಗೆಯೇ ಬೋಲ್ಟು ಬಿಗಿದಳು. ಮೈದುನ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತು, ಎಡ ಎನ್ನಬೇಕಾದಾಗಲೆಲ್ಲ “ತೊಟ್ಟಿ ಕಡೆಯದು”, ಬಲ ಎನ್ನಬೇಕಾದಾಗಲೆಲ್ಲ “ಗೋಡೆ ಕಡೆಯದು” ಎಂದ. ಎಡ ಬಲ ಎಂಬ ಮಾತಿಗೆ ಅವನು ಅಂದಿನ ಮಟ್ಟಿಗೆ ರಜೆ ಕೊಟ್ಟಿದ್ದ. ತಟ್ಟೆಯ ಮೇಲೆ ಮಣ್ಣು ತುಂಬಿದ ಕುಂಡಗಳನ್ನು ಹೇರಿದರು. ಹಗುರದ್ದಲ್ಲ, ಅವನ ಸೊಂಟ ಮುರಿದ ಆ ದೊಡ್ಡ ಕುಂಡಗಳನ್ನೇ, ಹಲಗೆಯ ಮೇಲೆ ಜಾರಿಸಿ ಜಾರಿಸಿ ಹೇರಿದರು. ಅಷ್ಟು ಹೊತ್ತಿಗೆ ಗಂಡನ ವ್ಯಾನೂ ಬಂತು. ಅವನು ಇಳಿದು, ಎಲ್ಲರ ಮುಖವನ್ನೂ ನೋಡಿ, ಈಗ ಇರಬಹುದೋ ಅಥವಾ ಇನ್ನೊಂದು ಊರಿಗೆ ಹೋಗಿಬರಬೇಕೋ ಎಂದು ಯೋಚಿಸುವವನಂತೆ ನಿಂತ.

“ಇರ್ರಿ, ಎಲ್ಲಿಗೂ ಹೋಗಬೇಡಿ,” ಎಂದಳು ಅತ್ತಿಗೆ.

ಮೈದುನ ಸೀಟು ಹತ್ತಿದ. ಮುದುಕ ಕೆಮ್ಮಿ ಎದ್ದ. ಅವಳು ಪಂಪಿನ ಪಕ್ಕ ನಿಂತು ಕಿವಿಗೊಟ್ಟಳು. ನಿನ್ನೆ ಅದು ಕೀರಲು ದನಿಯಲ್ಲಿ ಗೋಳಿಟ್ಟಿತ್ತು. ಇವತ್ತು ತಂಬೂರಿಯ ತಂತಿಯ ಹಾಗೆ ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಕೈ ಎತ್ತಿ ಸನ್ನೆ ಮಾಡಿದಳು. ಮೈದುನ ಹಿಡಿಕೆ ಎಳೆದ.

ಪಂಪಿನ ದನಿ ಒಂದು ಮೆಟ್ಟಿಲು ಇಳಿದು ದಪ್ಪವಾಯಿತು. ಕೊಳವೆ ಉಬ್ಬಿತು. ತಟ್ಟೆ, ನಿದ್ದೆಯಿಂದ ಏಳುವವರ ಹಾಗೆ ಒಮ್ಮೆ ನಡುಗಿ, ಕುಂಡಗಳ ಸಮೇತ ಮೇಲೆದ್ದಿತು. ಮೊಣಕಾಲಿನ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ ಬಂದು, ನಿಲ್ಲು ಎಂದಲ್ಲಿ ನಿಂತಿತು. ಅತ್ತಿಗೆ ಸೀಲಿನ ಸುತ್ತ ಬೆರಳಾಡಿಸಿ ನೋಡಿದಳು. ಬೆರಳು ಒಣಗಿಯೇ ಇತ್ತು.

ಮೈದುನ ಮುದುಕನನ್ನು ಶೆಡ್ಡಿನಿಂದ ಹೊರಡಿಸಿ, ತೊಟ್ಟಿ ಕಡೆಯ ಓಣಿಯಲ್ಲಿ ಹೊಕ್ಕು, ಗೋಡೆ ಕಡೆಯ ಓಣಿಯಲ್ಲಿ ಬಂದ. ನಿಂಬೆಯ ಕೊಂಬೆಗಳು ಅವನ ಹೆಗಲಿಗೆ ತಾಗಿ ತಾಗಿ ಬಿಟ್ಟವು. ಕುಂಡಗಳನ್ನು ಇಳಿಸಬೇಕಾದಲ್ಲಿ ಇಳಿಸಿ, ಎಂಜಿನ್ ನಿಲ್ಲಿಸಿ, ಫೋನು ತೆಗೆದ. ಕೊಟ್ಟ ಮಾತು ಇತ್ತಲ್ಲ.

ಅತ್ತಿಗೆ ಅಷ್ಟರಲ್ಲಿ ಸಾಲಿನ ಬಳಿ ಹೋಗಿದ್ದಳು. ಗುರುವಾರದಿಂದ ಅವಳು ಒಂದು ಕೊಂಬೆಯನ್ನೂ ಮುಟ್ಟಿರಲಿಲ್ಲ. ಕಸಿಯ ಚಾಕು ಬಿಚ್ಚಿ, ಬಲಿತ ಕಡ್ಡಿಯೊಂದನ್ನು ಆರಿಸಿದಳು. ಮೈದುನನ ಮಾತು ಬೆನ್ನ ಹಿಂದೆ ಕೇಳುತ್ತಿತ್ತು.

“ಹಲೋ, ನಾನು, ಸಸಿ ಅಂಗಳದಿಂದ. ನಾಳೆ ಬರೋದು ಬೇಡ... ಮುಂದಿನ ವಾರಾನೂ ಬೇಡ. ಅಯ್ಯೋ, ಬೇರೆ ಗರಗಸದವರಿಗೆ ಕೊಟ್ಟಿಲ್ಲ ಸ್ವಾಮಿ, ಮರಾನೇ ಕಡೀತಿಲ್ಲ... ಯಾಕೆ ಅಂದ್ರೆ? ಪಂಪು ಎಡಕ್ಕೆ ತಿರುಗುತ್ತೆ ಅಂತ ಗೊತ್ತಾಯ್ತು, ಅದಕ್ಕೆ... ಹೌದು, ಪಂಪು. ಹೌದು, ಮರ ಬೇರೆ, ಪಂಪು ಬೇರೆ. ನಾನು ಸರಿಯಾಗೇ ಇದೀನಿ... ಅತ್ತಿಗೆ, ಇವರು ನನ್ನ ಮಾತು ನಂಬ್ತಿಲ್ಲ, ನೀವೇ ಹೇಳಿ ಒಂದು ಮಾತು.”

“ಕೆಲಸದಲ್ಲಿದೀನಿ ಅಂತ ಹೇಳು,” ಎಂದು ಅತ್ತಿಗೆ ಕಡ್ಡಿಗೆ ಚಾಕು ಊರಿ, ಹಸಿರು ಕಣ್ಣೊಂದನ್ನು ಸಿಪ್ಪೆಯ ಸಮೇತ ಮೆಲ್ಲಗೆ ಎಬ್ಬಿಸಿದಳು.